ಸೊನ್ನೆಯಿಂದ ಹೊರಡದ ಗೆರೆ

ಗಂಡ ಮನೆಗೆ ಬಂದ ಕೂಡಲೇ ದಾನೇಶ್ವರಿ ಮೊದಲು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ವಾಸನೆಯನ್ನು. ಸುಭಾಷ್ ಚಪ್ಪಲಿ ಬಿಟ್ಟು ಹೊಸ್ತಿಲು ದಾಟುವಷ್ಟರಲ್ಲಿ ಅವಳಿಗೆ ಎಲ್ಲ ತಿಳಿದುಹೋಗುತ್ತಿತ್ತು. ವಾಸನೆ ತೆಳುವಾಗಿದ್ದರೆ ಬೈಗುಳ. ಇನ್ನಷ್ಟು ಇದ್ದರೆ ಕೈ. ಪಡಸಾಲೆ ತುಂಬುವಷ್ಟಿದ್ದರೆ ಸೊಂಟದ ಬೆಲ್ಟು. ಆಗ ಅವಳು ಮಗಳು ಉಜ್ವಲಾಳನ್ನು ಹಿತ್ತಲಿಗೆ ಕಳಿಸಿ ಕೈಯ ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆದು ಗೂಡಿನಲ್ಲಿಡುತ್ತಿದ್ದಳು. ಏಟಿಗಿಂತ ಒಡೆದ ಬಳೆಯ ಗಾಯ ಮಾಯಲು ಹೆಚ್ಚು ದಿನ ಹಿಡಿಯುತ್ತದೆ ಎಂಬುದು ಅನುಭವದಿಂದ ಕಲಿತದ್ದು. ಕುಡಿತ ಏರಿದಂತೆ ಏಟೂ ಏರುತ್ತಿತ್ತು. ಅದರಲ್ಲೊಂದು ಲೆಕ್ಕವಿತ್ತು. ಆ ಲೆಕ್ಕ ಗೊತ್ತಿದೆ ಎಂಬ ಧೈರ್ಯದಲ್ಲೇ ಅವಳು ಆ ಮನೆಯಲ್ಲಿ ಬದುಕಿದ್ದಳು.

ಬನಹಟ್ಟಿಯ ಆ ಓಣಿಯಲ್ಲಿ ಮನೆಮನೆಗೂ ಪವರ್‌ಲೂಮು. ಹಗಲಿಡೀ ಖಟಖಟ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು. ಹೆಂಗಸರು ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ಒಂದು ಮನೆಯಲ್ಲಿ ಬಿದ್ದ ಏಟು ಪಕ್ಕದ ಮನೆಗೆ ಮುಟ್ಟುವುದೇ ಇಲ್ಲ. ಕರೆಂಟು ಹೋದಾಗ ಮಾತ್ರ ಓಣಿ ಒಮ್ಮೆಲೇ ಬಾವಿಯಂತೆ ನಿಶ್ಶಬ್ದವಾಗುತ್ತದೆ. ಆಗ ಎಲ್ಲಿ ಕೂಸು ಅತ್ತರೂ ಎಲ್ಲಿ ಪಾತ್ರೆ ಬಿದ್ದರೂ ಎಲ್ಲರಿಗೂ ಗೊತ್ತು.

ಶ್ರಾವಣದಲ್ಲಿ ಸುಭಾಷ್ ಅವಳ ಎಡಗೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು ಬಾಗಿಲು ಹಾಕಿದ. ಮಣಿಕಟ್ಟಿನ ಎಲುಬು ಮುರಿದ ಸದ್ದು ಮಗ್ಗದ ಸದ್ದಿನ ನಡುವೆಯೂ ಅವಳಿಗೆ ಕೇಳಿಸಿತು. ಆಸ್ಪತ್ರೆಯ ಡಾಕ್ಟರು, "ಇದು ಬಿದ್ದ ಪೆಟ್ಟಲ್ಲ" ಎಂದು ಬರೆದರು. ಬೀಳಗಿ ಕಡೆಯ ಅನಗವಾಡಿಯಿಂದ ಓಡಿಬಂದ ಅಕ್ಕ ತಾರವ್ವ ಪೊಲೀಸರನ್ನು ಕರೆಸಿ, "ಈಗರೆ ಬಾಯಿ ಬಿಡು, ಇಲ್ಲಾಂದ್ರ ನಾ ಮತ್ತ ನಿನ್ನ ಮಾರಿ ನೋಡೂದಿಲ್ಲ" ಎಂದಳು. ದಾನೇಶ್ವರಿ ಬಾಯಿ ಬಿಟ್ಟಳು. ಕೇಸಾಯಿತು.

ಅತ್ತೆ ಶಿವವ್ವನಿಗೆ ಅದೇ ದೊಡ್ಡ ದುಃಖ. "ಕುಡದಾಗಷ್ಟ ಹಂಗ ಮಾಡ್ತಾನವ್ವಾ. ಕುಡೀಲಿಲ್ಲಂದ್ರ ನನ್ನ ಮಗನಂಥಾ ಮಗಾ ಈ ಓಣ್ಯಾಗ ಇಲ್ಲ. ಹೊಡಿಯೂದು ಅಂವ ಅಲ್ಲ, ಒಳಗ ಹೋದ ಆ ಸೆರೆ, ಆ ದಾರು."

ಓಣಿಯೆಲ್ಲ ಹಾಗೇ ಹೇಳಿತು. ದಾನೇಶ್ವರಿಯೂ ಹಾಗೇ ನಂಬಿದ್ದಳು.

ಈ ಸೀಮೆಯಲ್ಲಿ ಸ್ವಾಮಿಗಳು ಜೋಳಿಗೆ ಹಿಡಿದು ಬಂದರೆ ಅದು ಯಾವಾಗಲೂ ಜೋಳ ಬೇಡಲಿಕ್ಕಲ್ಲ. ಕೆಲವರು ಚಟ ಬೇಡಲು ಬರುತ್ತಾರೆ. ತಂಬಾಕು ಬಿಡುವವನು ಅದರ ಪೊಟ್ಟಣವನ್ನೂ ಕುಡಿತ ಬಿಡುವವನು ಬಾಟಲಿಯನ್ನೂ ಜೋಳಿಗೆಗೆ ಹಾಕಿ ಕಾಲಿಗೆ ಬೀಳುತ್ತಾನೆ. ಅಲ್ಲಿಗೆ ಅದು ಅವನದಲ್ಲ, ಸ್ವಾಮಿಗಳದು. ಮಹಾನವಮಿಗೆ ಮುಂಚೆ ಹಾಗೊಬ್ಬ ಸ್ವಾಮಿಗಳು ಓಣಿಗೆ ಬಂದಾಗ ಸುಭಾಷ್ ಎಲ್ಲರೆದುರು ಅರ್ಧ ತುಂಬಿದ ಬಾಟಲಿಯನ್ನು ಜೋಳಿಗೆಗೆ ಹಾಕಿದ. ಜನ ಚಪ್ಪಾಳೆ ತಟ್ಟಿದರು. ಪ್ಲಾಸ್ಟರು ಹಾಕಿದ ಕೈ ಹಿಡಿದುಕೊಂಡು ನಿಂತ ದಾನೇಶ್ವರಿಗೆ ನೆರೆಯ ಅನಸವ್ವ ಮದುವಣಗಿತ್ತಿಗೆ ಇಟ್ಟಂತೆ ಹಣೆ ತುಂಬ ಕುಂಕುಮ ಇಟ್ಟಳು.

"ಮುಗೀತ ನೋಡವಾ ನಿನ್ನ ಗ್ರಹಚಾರ," ಎಂದಳು ಶಿವವ್ವ. "ಇನ್ನ ಆ ಕೇಸಿಂದೊಂದು ಬಗೀಹರೀಲಿ. ಜಮಖಂಡಿ ಕೋರ್ಟಿನ್ಯಾಗ, ಬಿದ್ದಿದ್ನಿ ಅಂತ ಒಂದ ಮಾತ ಅಂದಬಿಡು."

"ಆಗಲ್ರಿ ಅತ್ತಿ" ಎಂದಳು ದಾನೇಶ್ವರಿ. ನಿಜವಾಗಿಯೂ ಹಾಗೆ ಅನ್ನಬೇಕೆಂದೇ ಅವಳ ಮನಸ್ಸಿನಲ್ಲಿತ್ತು. ಕುಡಿತವೇ ಇಲ್ಲದ ಮೇಲೆ ಕೇಸು ಯಾರ ಮೇಲೆ?

ಮನೆ ತಣ್ಣಗಾಯಿತು. ಸುಭಾಷ್ ಸಂಜೆ ಗಿರಮಿಟ್ಟು ಕಟ್ಟಿಸಿಕೊಂಡು ಬರುತ್ತಿದ್ದ, ಮಗಳ ತಲೆ ಸವರುತ್ತಿದ್ದ. ದಾನೇಶ್ವರಿಗೆ ಮಾತ್ರ ಅಭ್ಯಾಸ ಹೋಗಲಿಲ್ಲ. ಅವನು ಒಳಗೆ ಬಂದಾಗ ಮೂಗು ತಾನಾಗಿ ಅರಳುತ್ತಿತ್ತು. ಏನೂ ಇಲ್ಲ, ಕುಡಿತ ಬಿಟ್ಟ ಮೇಲೆ ಅವನು ಜಗಿಯುತ್ತಿದ್ದ ಏಲಕ್ಕಿಯ ವಾಸನೆ ಅಷ್ಟೇ. ಒಮ್ಮೆ ನಾಯಿಮರಿಯೊಂದು ಹಾಸಿನ ನೂಲಿಗೆ ಬಾಯಿ ಹಾಕಿದ್ದಕ್ಕೆ ಅವನು ಅದನ್ನು ಕಾಲಿನಿಂದ ಒದ್ದ ರೀತಿ ಅವಳ ಕಣ್ಣಿಗೆ ಬಿತ್ತು. ನಾಯಿ ಗೋಡೆಗೆ ಅಪ್ಪಳಿಸಿತು. ಅವಳು ನೋಡದವಳಂತೆ ನೂಲಿನ ಕಂಡಿಕೆ ಸುತ್ತುತ್ತಾ ಕುಳಿತಳು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಉಜ್ವಲಾ ಕಾಲೇಜಿನಿಂದ ಅಳುತ್ತಾ ಬಂದಳು. ಜಮಖಂಡಿಯಲ್ಲಿ ಪಿಯುಸಿ ಮೊದಲ ವರ್ಷ. ಕಿರುಪರೀಕ್ಷೆಯ ಗ್ರಾಫ್ ಹಾಳೆಯ ಮೇಲೆ ಕೆಂಪು ಗೀಟುಗಳು.

"ಎಲ್ಲಾ ಗೆರೀನೂ ಸೊನ್ನಿಯಿಂದನ ಹೊಂಡಸೀನಿ ಯವ್ವಾ. ಸರ್ ಎಲ್ಲಾರ ಮುಂದ ಅಂದ್ರು, ಬನಹಟ್ಟಿಯಾಗ ಎಲ್ಲಾ ಬಸ್ಸೂ ಒಂದ ಸ್ಟ್ಯಾಂಡಿನಿಂದ ಹೊಂಡ್ತಾವ, ಅದಕ ಈಕಿ ಗೆರೀನೂ ಹಂಗ ತಿಳ್ಕೊಂಡಾಳ ಅಂತ."

ದಾನೇಶ್ವರಿಗೆ ನಗು ಬಂತು, ತಡೆದುಕೊಂಡಳು. "ನನಗ ಹೇಳಿಕೊಡು. ನನಗ ತಿಳೀತು ಅಂದ್ರ ನಿನಗ ಬಂತಂತ ಅರ್ಥ."

"ನಿನಗೇನ ತಿಳೀತದ ಬೇ?"

"ಒಂಬತ್ತನೇತ್ತಾ ತನಕ ನಾನೂ ಕಲತೀನಿ. ಹೇಳು."

ಉಜ್ವಲಾ ಮೂಗು ಒರೆಸಿಕೊಂಡು ಹಾಳೆಯ ಮೇಲೆ ಬರೆದಳು: y = mx + c. "ವೈ ಅಂದ್ರ ಎಷ್ಟಾತು ಅನ್ನೂದು. ಅದು ಈ ನಿಂತ ಗೆರಿ ಮ್ಯಾಲ. ಎಕ್ಸ್ ಅಂದ್ರ ಯಾತರಿಂದ ಆತು ಅನ್ನೂದು, ಈ ಮಲಗಿದ ಗೆರಿ ಮ್ಯಾಲ. ಎಕ್ಸ್ ಹೆಚ್ಚಾದಂಗ ವೈ ಹೆಚ್ಚಾಗ್ತದ. ಎಷ್ಟು ಜೋರ್ಲೆ ಹೆಚ್ಚಾಗ್ತದ ಅನ್ನೂದು ಎಂ. ಅದಕ ಇಳಿಜಾರು ಅಂತಾರ."

"ಗೆರಿ ಮ್ಯಾಲ ಏರೇತಿ, ನೀ ಇಳಿಜಾರು ಅಂತೀಯಲ್ಲ?"

"ಪುಸ್ತಕದಾಗ ಹಂಗ ಐತಿ, ನಾ ಏನ ಮಾಡ್ಲಿ?"

"ಆತು. ಮತ್ತ ಆ ಸಿ?"

"ಅದ ತಿಳೀವಲ್ದು ಯವ್ವಾ. ಎಕ್ಸ್ ಸೊನ್ನಿ ಇದ್ದಾಗ ವೈ ಎಷ್ಟಿರ್ತದೋ ಅದು ಸಿ ಅಂತಾರ. ಎಕ್ಸ್ ಏನೂ ಇಲ್ಲಂದ ಮ್ಯಾಲ ವೈ ಎಲ್ಲಿಂದ ಬರಬೇಕು?"

ದಾನೇಶ್ವರಿಗೂ ಅದು ಸರಿ ಎನಿಸಿತು.  ಉಜ್ವಲಾಳ ಕಣ್ಣು ನಿಂತ ಮಗ್ಗದ ಮೇಲೆ ಹೋಯಿತು. ಕೆಳಗಿನ ಉರುಳೆಗೆ ನಿನ್ನೆ ನೇಯ್ದ ಹಸಿರು ಸೀರೆ ಸುತ್ತಿಕೊಂಡಿತ್ತು.

"ತಡೀ ಯವ್ವಾ. ಮುಂಜಾನೆ ಅಪ್ಪಾ ಬಟನ್ ಒತ್ತೂಕಿಂತ ಮೊದಲ ಉರುಳಿ ಮ್ಯಾಲ ಅರಿವಿ ಇರ್ತದೋ ಇಲ್ಲೋ?"

"ಇರ್ತದ. ಸೀರಿ ಮುಗಿಯೂತನಕ ಕೊಯ್ಯೂದಿಲ್ಲಲ್ಲ, ನಿನ್ನೀದು ಅಲ್ಲೇ ಇರ್ತದ."

"ಅದ ನೋಡು!" ಹುಡುಗಿ ಎದ್ದು ನಿಂತಳು. "ಎಕ್ಸ್ ಅಂದ್ರ ಇವತ್ತ ಮಗ್ಗ ನಡದ ತಾಸು. ಇನ್ನೂ ನಡದ ಇಲ್ಲ, ಎಕ್ಸ್ ಸೊನ್ನಿ. ಆದ್ರೂ ಅರಿವಿ ಐತಿ. ಅದ ಸಿ! ಇವತ್ತಿನ ತಾಸಿಗೂ ಅದಕ್ಕೂ ಸಂಬಂಧ ಇಲ್ಲ, ಅದು ಮೊದಲ ಇದ್ದದ್ದು." ಅವಳು ಹೊಸ ಹಾಳೆಯಲ್ಲಿ ನಿಂತ ಗೆರೆಯ ಮೇಲೆ, ಸೊನ್ನೆಗಿಂತ ಮೇಲಕ್ಕೆ ಒಂದು ಚುಕ್ಕೆ ಇಟ್ಟು ಅಲ್ಲಿಂದ ಗೆರೆ ಎಳೆದಳು.

ಬಾಗಿಲಲ್ಲಿ ನಿಂತ ಸುಭಾಷ್ ನಕ್ಕ. "ಏನ್ರವಾ, ಅವ್ವಾ ಮಗಳು ಕೂಡಿ ಕಲೆಕ್ಟರ್ ಆಗಾಕತ್ತೀರೇನು?"

ಎಲ್ಲರೂ ನಕ್ಕರು.

ಕೋರ್ಟಿನ ತಾರೀಖು ಹತ್ತಿರ ಬಂತು. ಒಂದು ದಿನ ಊಟದ ಹೊತ್ತಿನಲ್ಲಿ ಸುಭಾಷ್ ಅವಳನ್ನು ಮಗ್ಗದ ಮನೆಗೆ ಕರೆದ. ಆ ಹೊತ್ತಿಗೆ ಇಡೀ ಓಣಿಯ ಮಗ್ಗಗಳು ನಿಲ್ಲುತ್ತವೆ. ಹೊರಗೆ ಯಾರೋ ಕೈ ತೊಳೆದ ನೀರಿನ ಸದ್ದು ಕೇಳುವಷ್ಟು ಶಾಂತ.

"ಕೋರ್ಟಿನ್ಯಾಗ ಏನಂತಿ? ಒಮ್ಮಿ ಹೇಳು, ಕೇಳೂಣು."

"ಮೆಟ್ಟಲ ಮ್ಯಾಲಿಂದ ಬಿದ್ನಿ ಅಂತೀನ್ರಿ."

"ಹಾಂ. ಯಾವ ಮೆಟ್ಟಲಾ ಅಂದ್ರ?"

"ಮನೀ ಮೆಟ್ಟಲಾ." ಹೇಳಿದ ಮೇಲೆ ಅವಳಿಗೇ ಹೊಳೆಯಿತು. ಅಟ್ಟವಿಲ್ಲದ, ಮಾಳಿಗೆ ಹತ್ತಲು ಏಣಿ ಮಾತ್ರ ಇರುವ ಮನೆ ಅದು. ಬಾಯಿ ತಪ್ಪಿ ನಕ್ಕುಬಿಟ್ಟಳು. "ನಮ್ಮ ಮನ್ಯಾಗ ಮೆಟ್ಟಲಾ ಎಲ್ಲಿ ಅದಾವ್ರಿ? ವಕೀಲಗ ಮೊದಲ ಕಟ್ಟಸಾಕ ಹೇಳ್ರಿ."

ಸುಭಾಷ್ ನಗಲಿಲ್ಲ. ಸಿಟ್ಟನ್ನೂ ತೋರಿಸಲಿಲ್ಲ. ಮೆಲ್ಲಗೆ ಎದ್ದು ಹೋಗಿ ಗೋಡೆಯ ಬಟನ್ ಒತ್ತಿದ. ಮಗ್ಗ ಖಟಖಟ ಶುರುವಾಯಿತು. ಅವನು ತಿರುಗಿ ಬಂದು, ಎಡಗೈಯಿಂದ ಅವಳ ಗದ್ದ ಹಿಡಿದು ಮುಖವನ್ನು ಸರಿಯಾಗಿ ನಿಲ್ಲಿಸಿಕೊಂಡು, ಬಲಗೈಯಿಂದ ಹೊಡೆದ. ಕುಡಿದವನ ಏಟು ಅರ್ಧ ಗಾಳಿಗೆ ಹೋಗುತ್ತದೆ. ಇದು ಹೋಗಲಿಲ್ಲ. ದವಡೆಯ ಹಲ್ಲೊಂದು ಬೇರು ಬಿಟ್ಟು ನಾಲಿಗೆಯ ಮೇಲೆ ಬಿತ್ತು. ಎರಡನೆಯದು ಕಿವಿಗೆ. ಅವಳು ಕೆಳಗೆ ಬಿದ್ದ ಮೇಲೆ ಹೊಟ್ಟೆಗೆ, ನಾಯಿಮರಿಗೆ ಒದ್ದ ಹಾಗೆ. ಅವನ ಉಸಿರು ಅವಳ ಮುಖದ ಮೇಲೇ ಇತ್ತು. ಏಲಕ್ಕಿ. ಬರೀ ಏಲಕ್ಕಿ.

ಸಾಕೆನಿಸಿದಾಗ ಹೋಗಿ ಬಟನ್ ಆರಿಸಿದ. "ಆಸ್ಪತ್ರಿ ಮೆಟ್ಟಲಾ ಅನ್ನು" ಎಂದು ಹೇಳಿ ಊಟಕ್ಕೆ ಕುಳಿತ.

ಶಿವವ್ವ ಸೊಸೆಯ ಬಾಯಿಯ ರಕ್ತ ನೋಡಿ ಗಾಬರಿಯಾಗಿ ಮಗನ ಹತ್ತಿರ ಹೋದಳು. ಬಡಿಸುವ ನೆಪದಲ್ಲಿ ಬಗ್ಗಿ ಅವನ ಬಾಯಿಯ ವಾಸನೆ ನೋಡಿದಳು. ಮಗ ಕುಡಿಯಲು ಶುರುಮಾಡಿದಾಗ ಸೊಸೆಗೂ ಅದನ್ನು ಕಲಿಸಿದವಳು ಅವಳೇ. ತಿರುಗಿ ಬಂದಾಗ ಅವಳ ಮುಖದಲ್ಲಿ ಏನೋ ತಪ್ಪಿಹೋದ ಗೊಂದಲ.

"ಕುಡದಿಲ್ಲವಾ," ಎಂದಳು ಪಿಸುದನಿಯಲ್ಲಿ. ಆಮೇಲೆ, "ಹಂಗಾರ ನೀ ಏನೋ ಅಂದಿರಬೇಕು."

ದಾನೇಶ್ವರಿ ಬಾಯಿಗೆ ಒತ್ತಿದ್ದ ಬಟ್ಟೆ ತೆಗೆದಳು. ಗೋಡೆಯ ಮೇಲೆ ತೀರಿಹೋದ ಮಾವ ಮಹಾಲಿಂಗಪ್ಪನ ಫೋಟೊ ಇತ್ತು. ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ. ಶಿವವ್ವನ ಬಲಗೈಯ ಎರಡು ಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿದ್ದವು. ಮಗ್ಗಕ್ಕೆ ಸಿಕ್ಕದ್ದು ಎಂದು ಎಲ್ಲರಿಗೂ ಹೇಳುತ್ತಿದ್ದಳು.

"ಅತ್ತಿ, ಮಾವನವರು ಕುಡೀತಿದ್ರೇನ್ರಿ?"

ಶಿವವ್ವ ಮೊರ ಎಳೆದುಕೊಂಡು ಅಕ್ಕಿಯಲ್ಲಿ ಇಲ್ಲದ ಹರಳು ಹುಡುಕತೊಡಗಿದಳು.

ಅಂದು ಮಧ್ಯಾಹ್ನ ಕಂಡಿಕೆ ಸುತ್ತುವ ಕೈ ನಿಂತು ನಿಂತು ನಡೆಯಿತು. ಗೂಡಿನಲ್ಲಿ ಉಜ್ವಲಾಳ ಗ್ರಾಫ್ ಹಾಳೆ ಇತ್ತು. ದಾನೇಶ್ವರಿ ಅದನ್ನು ಮಡಿಲಲ್ಲಿ ಹರವಿಕೊಂಡಳು. ಮಲಗಿದ ಗೆರೆಯ ಮೇಲೆ ಕುಡಿತ, ನಿಂತ ಗೆರೆಯ ಮೇಲೆ ಏಟು. ಇಷ್ಟು ವರ್ಷ ತಾನೂ ಗೆರೆಯನ್ನು ಸೊನ್ನೆಯಿಂದಲೇ ಹೊರಡಿಸಿದ್ದಳು. ಕುಡಿತ ಸೊನ್ನೆಯಾದರೆ ಏಟೂ ಸೊನ್ನೆ. ತಾನಷ್ಟೇ ಅಲ್ಲ, ಅತ್ತೆ, ಓಣಿ, ಚಪ್ಪಾಳೆ ತಟ್ಟಿದವರು, ಎಲ್ಲರೂ. ಕುಡಿತ ಏಟನ್ನು ಏರಿಸುತ್ತಿತ್ತು, ಅದು ಸುಳ್ಳಲ್ಲ. ಆದರೆ ಗೆರೆ ಹೊರಟದ್ದು ಅಲ್ಲಿಂದಲ್ಲ.

ನೆನಪುಗಳು ಒಂದೊಂದಾಗಿ ಬೇರೆ ಮುಖ ತೋರಿಸಿದವು. ಮದುವೆಯಾದ ವಾರದಲ್ಲಿ ರೊಟ್ಟಿ ಆರಿತ್ತೆಂದು ಸುಭಾಷ್ ಅವಳ ಬೆರಳುಗಳನ್ನು ಹಿಂದಕ್ಕೆ ಮಡಿಸಿ, ಅವಳು ಮೊಣಕಾಲೂರುವ ತನಕ ಬಿಟ್ಟಿರಲಿಲ್ಲ. ಆಗ ಅವನಿಗೆ ಕುಡಿತದ ರುಚಿಯೇ ಗೊತ್ತಿರಲಿಲ್ಲ. ಇನ್ನೊಂದು ನೆನಪು ಅದಕ್ಕಿಂತ ಕೆಟ್ಟದ್ದು. ಕುಡಿದು ಕಣ್ಣು ಕಾಣದಂತಾಗಿ ಬೆಲ್ಟು ಬೀಸುತ್ತಿದ್ದವನು, ನಡುವೆ ಕರೆಂಟು ಹೋಗಿ ಓಣಿ ಸ್ತಬ್ಧವಾದ ಕೂಡಲೇ ಎತ್ತಿದ ಕೈಯನ್ನು ಹಾಗೇ ಇಳಿಸುತ್ತಿದ್ದ. ಕರೆಂಟು ಬರುವ ತನಕ ಕಟ್ಟೆಯ ಮೇಲೆ ಕೂರುತ್ತಿದ್ದ. ಮೈಮೇಲೆ ಎಚ್ಚರವಿಲ್ಲದವನಿಗೆ ಓಣಿಯ ಕಿವಿಯ ಎಚ್ಚರ ಹೇಗಿತ್ತು? ಅಷ್ಟು ಸಲ ಕಣ್ಣಾರೆ ನೋಡಿಯೂ ಅವಳಿಗೆ ತಿಳಿದಿರಲಿಲ್ಲ. ಸ್ವಾಮಿಗಳು ಒಯ್ದದ್ದು ಬಾಟಲಿಯನ್ನು ಮಾತ್ರ.

ತಿಳಿಯುವುದು ಬೇರೆ, ಬಾಯಿ ತೆರೆಯುವುದು ಬೇರೆ. ಕೋರ್ಟಿನಲ್ಲಿ ನಿಜ ಹೇಳಿದರೆ ಈ ಮನೆಯ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಇನ್ನು ಮೇಲೆ ಯಾವ ಕೈ ಮುರಿದರೂ ಅದು ಮೆಟ್ಟಿಲ ತಪ್ಪು. ಅವಳು ಆ ವಾರವೆಲ್ಲ ಆಸ್ಪತ್ರೆಯ ಮೆಟ್ಟಿಲನ್ನೇ ಬಾಯಿಪಾಠ ಮಾಡಿದಳು. ಹೆದರಿಕೆ ತಿಳಿವಳಿಕೆಗಿಂತ ಹಳೆಯದು.

ತಾರೀಖಿನ ಹಿಂದಿನ ದಿನ ಮತ್ತೆ ಊಟದ ಹೊತ್ತು. ಸುಭಾಷ್ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ಉಜ್ವಲಾ ಒಳಗಿನಿಂದ ಬಂದು ನಿಂತಳು.

"ಅಪ್ಪಾ, ಅವ್ವನ ಕಡಿಂದ ಸುಳ್ಳ ಹೇಳಸಬ್ಯಾಡ."

"ಏನಂದಿ?"

"ಅವ್ವನ ಕೈ ಮುರದಾವತ್ತ ನಾ ಇಲ್ಲೇ ಇದ್ದೆ. ನನ್ನ ಕೇಳಿದ್ರ ನಾ ಖರೇನ ಹೇಳ್ತೀನಿ."

ಸುಭಾಷ್ ಎದ್ದ. ದಾನೇಶ್ವರಿ ನೋಡುತ್ತಿದ್ದಳು. ಅವನು ಮಗಳ ಕಡೆ ಹೋಗಲಿಲ್ಲ, ಮೊದಲು ಗೋಡೆಯ ಕಡೆ ಹೋದ. ಬಟನ್ ಒತ್ತಿದ. ಮಗ್ಗ ಹೊಡೆದುಕೊಳ್ಳತೊಡಗಿತು. ಆ ಒಂದು ಗಳಿಗೆಯಲ್ಲಿ ಮುಂದೆ ಆಗುವುದೆಲ್ಲ ಅವಳಿಗೆ ಗೆರೆ ಎಳೆದಷ್ಟು ನೇರವಾಗಿ ಕಂಡಿತು. ಅವನು ಉಜ್ವಲಾಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಎಳೆದ. ಹುಡುಗಿಯ ಹಣೆ ಮಗ್ಗದ ಕಬ್ಬಿಣದ ಚೌಕಟ್ಟಿಗೆ ಬಡಿಯಿತು. ಮತ್ತೊಮ್ಮೆ ಎಳೆದು, ತಿರುಗುವ ಗಾಲಿಯ ಪಟ್ಟಿಯ ಹತ್ತಿರ ಮುಖ ಒಯ್ದ. ಬಿಚ್ಚಿದ ಕೂದಲಿನ ತುದಿ ಪಟ್ಟಿಗೆ ಸವರಿ ಸುಟ್ಟ ವಾಸನೆ ಬಂತು.

"ಹೇಳ್ತೀ? ಹೇಳ್ತೀಯೇನು ಖರೆ?"

ಕಿಟಕಿಯಲ್ಲಿ ಹಳೆಯ ಲಾಳಿಗಳ ರಾಶಿ ಇತ್ತು. ಮೊಳಕ್ಕಿಂತ ತುಸು ಗಿಡ್ಡ, ಗಟ್ಟಿ ಕಟ್ಟಿಗೆ, ಎರಡೂ ತುದಿಗೆ ಚೂಪಾದ ಉಕ್ಕು. ದಾನೇಶ್ವರಿ ಯಾವಾಗ ಒಂದನ್ನು ಎತ್ತಿಕೊಂಡಳೋ ಅವಳಿಗೇ ತಿಳಿಯದು. ಮೊದಲ ಏಟು ಅವನ ಭುಜಕ್ಕೆ. ಅವನು ತಿರುಗಿದ. ಎರಡನೆಯದು ಹುಬ್ಬಿನ ಮೇಲೆ. ಉಕ್ಕಿನ ತುದಿ ಚರ್ಮ ಸೀಳಿ ಎಲುಬಿಗೆ ತಾಗಿದ್ದು ಅವಳ ಅಂಗೈಗೆ ಗೊತ್ತಾಯಿತು. ರಕ್ತ ಅವನ ಕಣ್ಣಿಗಿಳಿಯಿತು, ಜಡೆ ಕೈ ಬಿಟ್ಟಿತು. ಮೂರನೆಯದಕ್ಕೆ ಎತ್ತಿದ ಕೈಯನ್ನು ಅವಳೇ ನಿಲ್ಲಿಸಿದಳು. ನಿಲ್ಲಿಸಲು ಹೊಡೆಯುವುದಕ್ಕಿಂತ ಹೆಚ್ಚು ಬಲ ಬೇಕಾಯಿತು. ಹೊಡೆಯುವುದರಲ್ಲಿ ಒಂದು ಸುಖವಿತ್ತು. ಅದು ತನ್ನೊಳಗೆ ಇಷ್ಟು ವರ್ಷ ಎಲ್ಲಿ ಕುಳಿತಿತ್ತು ಎಂದು ಅವಳಿಗೆ ಭಯವಾಯಿತು.

ಅವಳು ಗೋಡೆಯ ಹತ್ತಿರ ಹೋಗಿ ಬಟನ್ ಆರಿಸಿದಳು.

ಓಣಿ ಮೌನವಾಗಿತ್ತು. ಸುಭಾಷನ ಚೀರಾಟ ಮನೆ ಮನೆಗೂ ಕೇಳಿತು. "ಕೊಲ್ಲಾಕತ್ತಾಳಲೇ! ನನ್ನ ಕೊಲ್ಲಾಕತ್ತಾಳ!"

ಉಣ್ಣುವ ಕೈಯಲ್ಲೇ ಜನ ಓಡಿಬಂದರು. ಅನಸವ್ವ ಬಾಗಿಲಲ್ಲಿ ನಿಂತು ಹುಡುಗಿಯ ಹಣೆ ನೋಡಿದಳು, ಸುಟ್ಟ ಕೂದಲು ನೋಡಿದಳು. ಆಮೇಲೆ ಸುಭಾಷನ ಹತ್ತಿರ ಬಂದು, ನಾಚಿಕೆಯಿಲ್ಲದೆ, ಅವನ ಮುಖದ ಹತ್ತಿರ ಮೂಗು ತಂದಳು.

"ಕುಡದಿಲ್ಲಲ್ಲೋ ನೀ," ಎಂದಳು.

ಆ ಸಂಜೆಯ ಬಸ್ಸಿಗೆ ತಾಯಿ ಮಗಳು ಅನಗವಾಡಿಯ ತಾರವ್ವನ ಮನೆಯ ಹಾದಿ ಹಿಡಿದರು.

ಮರುದಿನ ಕೋರ್ಟಿನಲ್ಲಿ ಸುಭಾಷ್ ಹುಬ್ಬಿಗೆ ಪಟ್ಟಿ ಸುತ್ತಿಕೊಂಡು ನಿಂತಿದ್ದ. ಶಿವವ್ವ ಹಿಂದಿನ ಬೆಂಚಿನಲ್ಲಿ. ಕೈ ಹೇಗೆ ಮುರಿಯಿತೆಂದು ಸರಕಾರಿ ವಕೀಲರು ಕೇಳಿದಾಗ ದಾನೇಶ್ವರಿ, "ಬಾಗಲದಾಗ ಇಟ್ಟು ಮುರದಾರ‍್ರಿ" ಎಂದಳು. ಸುಭಾಷನ ವಕೀಲರು ಎದ್ದರು.

"ನಿನ್ನೆ ನೀವು ಗಂಡಗ ಲಾಳಿಲೆ ಹೊಡದ್ರಿ. ಹೌದೋ ಅಲ್ಲೋ?"

"ಹೌದ್ರಿ."

ವಕೀಲರು ಇಲ್ಲವೆನ್ನುವಳೆಂದು ಕಾದಿದ್ದರು. ಕಾಗದ ಮಗುಚಿದರು. "ಅದೆಲ್ಲಾ ಇರ್ಲಿ. ಇವರು ಹೊಡದಿದ್ರ ಕುಡದಾಗ ಹೊಡದಿರಬೇಕು. ಈಗ ಜೋಳಿಗೀಗೆ ಹಾಕಿ ಬಿಟ್ಟಾರ. ಈಗ ಕುಡೀತಾರೇನು?"

"ಇಲ್ರಿ. ಒಂದ ದಿನಾನೂ ಕುಡದಿಲ್ಲ."

"ಅಂದ ಮ್ಯಾಲ ಕಾರಣ ಹೋತು. ಇನ್ನ ತಕರಾರ ಏನು?"

"ಕುಡಿಯೂಕಿಂತ ಮೊದಲೂ ಹೊಡದಾರ‍್ರಿ. ಬಿಟ್ಟ ಮ್ಯಾಲೂ ಹೊಡದಾರ." ಸೆರಗು ಸರಿಸಿ, ದವಡೆಯಲ್ಲಿ ಹಲ್ಲು ಹೋದ ಜಾಗ ತೋರಿಸಿದಳು. "ಕುಡದ್ರ ಜಾಸ್ತಿ ಆಗ್ತಿತ್ತು, ಅಷ್ಟ. ಇದು ಸೆರೀದಲ್ರಿ ಸಾಹೇಬ್ರ, ಇವ್ರದು. ಮೊದಲಿಂದ ಇದ್ದದ್ದು."

ನ್ಯಾಯಾಧೀಶರು ಹೇಳಿ ಬರೆಸಿದರು. ಬೆರಳಚ್ಚಿನವ ಟಕಟಕ ಒತ್ತಿದ.

ಹೊರಗೆ ಬೇವಿನ ಮರದ ಕೆಳಗೆ ಉಜ್ವಲಾ ಹಣೆಯ ಪಟ್ಟಿ ಮುಟ್ಟಿಕೊಳ್ಳುತ್ತಾ ಕಾಯುತ್ತಿದ್ದಳು. ಸುಭಾಷ್ ಅವರ ಪಕ್ಕದಲ್ಲೇ ಹಾದು, ನೆಲಕ್ಕೆ ಉಗುಳಿ, ರಿಕ್ಷಾ ಹತ್ತಿದ. "ಬಾ ಯವ್ವಾ" ಎಂದು ಕೂಗಿದ. ಶಿವವ್ವ ಕೋರ್ಟಿನ ಕಟ್ಟೆಯ ಮೇಲೆ ಕುಳಿತವಳು ಏಳಲಿಲ್ಲ. ಅವನು ಮತ್ತೊಮ್ಮೆ ಕೂಗಿದ. ರಿಕ್ಷಾ ಹೋಯಿತು.

ಮುದುಕಿ ಸೊಸೆಯ ಕಡೆಯೂ ಬರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕುಳಿತೇ ಇದ್ದಳು. ಸ್ವಲ್ಪ ಹೊತ್ತು ನೋಡಿ ದಾನೇಶ್ವರಿ ನೀರಿನ ಬಾಟಲಿ ತೆಗೆದುಕೊಂಡು ಹೋಗಿ ಪಕ್ಕದಲ್ಲಿಟ್ಟಳು. ಶಿವವ್ವ ಸೊಟ್ಟ ಬೆರಳುಗಳಿಂದ ಮುಚ್ಚಳ ತಿರುಗಿಸಲು ನೋಡಿದಳು, ಆಗಲಿಲ್ಲ. ದಾನೇಶ್ವರಿ ತೆಗೆದುಕೊಟ್ಟಳು. ಮುದುಕಿ ಗುಟುಕು ಗುಟುಕಾಗಿ ಕುಡಿದು, ಬಾಯಿ ಒರೆಸಿಕೊಂಡು, ಸೊಸೆಯ ಮುಖ ನೋಡದೆ, ರಸ್ತೆ ನೋಡುತ್ತಾ ಹೇಳಿದಳು:

"ನಿನ್ನ ಮಾವ ಒಂದ ಹನೀನೂ ಮುಟ್ಟಿದಾಂವ ಅಲ್ಲವ್ವಾ."